ಸ್ಮೂತ್ ಜಾಝ್, ಸೋಲ್ ಸಂಕಲನ: ಯಾವ ಆವೃತ್ತಿ, ಎಷ್ಟು ಜೋರು, ಎಷ್ಟು ಬಿಡುವು

ಸ್ಮೂತ್ ಜಾಝ್ (ಜಾಝ್‌ನ ಮೃದುವಾದ ಬಗೆ), ಸೋಲ್ (ಕಪ್ಪು ಅಮೆರಿಕನ್ನರ ಭಾವಪೂರ್ಣ ಗಾಯನ) ಹಾಡುಗಳೆಲ್ಲ ಚೆನ್ನಾಗಿದ್ದೂ ಅವುಗಳ ಸಂಕಲನ ಸಪ್ಪೆಯಾಗುವುದುಂಟು. ಹಾಡಿನ ಹೆಸರು ನೋಡಿ ಆರಿಸಿ, ಅದು ಯಾವ ಆವೃತ್ತಿ ಎಂದು ನೋಡದೆ ಬಿಟ್ಟಾಗ ಹೆಚ್ಚಾಗಿ ಹೀಗಾಗುತ್ತದೆ.

ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1980ರ ‘ವೈನ್‌ಲೈಟ್’ ಆಲ್ಬಂ ತೆಗೆದುಕೊಳ್ಳಿ. ಬಿಲ್ ವಿದರ್ಸ್ ಹಾಡಿದ ‘ಜಸ್ಟ್ ದ ಟೂ ಆಫ್ ಅಸ್’ ಅದರಲ್ಲಿ 7 ನಿಮಿಷಕ್ಕೂ ಹೆಚ್ಚಿದೆ. ಬಿಡಿಯಾಗಿ ಹೊರಬಂದ ಸಿಂಗಲ್ 4 ನಿಮಿಷದೊಳಗೇ ಮುಗಿಯುತ್ತದೆ. ಕತ್ತರಿ ಬಿದ್ದಿರುವುದು ಮುಖ್ಯವಾಗಿ ವಾದ್ಯಗಳ ಭಾಗಕ್ಕೆ. ರಾಬರ್ಟ್ ಗ್ರೀನಿಜ್ ಅವರ ಸ್ಟೀಲ್‌ಪ್ಯಾನ್ (ಉಕ್ಕಿನ ತಟ್ಟೆಯಂಥ ತಾಳವಾದ್ಯ), ವಾಷಿಂಗ್ಟನ್ ಅವರ ಸ್ಯಾಕ್ಸೊಫೋನ್ ಪೂರ್ತಿ ಅರಳುವುದು ಉದ್ದದ ಆವೃತ್ತಿಯಲ್ಲೇ. ಜಾರ್ಜ್ ಬೆನ್ಸನ್ ಅವರ 1976ರ ‘ಬ್ರೀಝಿನ್’ ಆಲ್ಬಂನ ‘ದಿಸ್ ಮಾಸ್ಕರೇಡ್’ ಕೂಡ ಹೀಗೆಯೇ: ಆಲ್ಬಂನಲ್ಲಿ ಸುಮಾರು 8 ನಿಮಿಷ, ಸಿಂಗಲ್‌ನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ತುಂಡು ಆವೃತ್ತಿಗಳನ್ನೇ ಸೇರಿಸುತ್ತ ಹೋದರೆ ಸೋಲ್ ಉಳಿಯುತ್ತದೆ, ಜಾಝ್ ಹೋಗುತ್ತದೆ. 80 ನಿಮಿಷದ ಸಿಡಿಯಲ್ಲಿ 20 ಹಾಡು ತುರುಕುವುದಕ್ಕಿಂತ 13 ಹಾಡನ್ನು ಪೂರ್ತಿ ಇಡುವುದೇ ಮೇಲು.

ಅಗ್ಗದ ಸಂಕಲನಗಳಲ್ಲಿ ಇನ್ನೊಂದು ಅಪಾಯವಿದೆ. ಗಾಯಕರು ಅವರೇ, ಆದರೆ ಹಾಡನ್ನು ಹತ್ತಿಪ್ಪತ್ತು ವರ್ಷದ ಮೇಲೆ ಮತ್ತೆ ಹಾಡಿ ಧ್ವನಿಮುದ್ರಿಸಿರುತ್ತಾರೆ. ಹಿಂಬದಿಯ ಸಣ್ಣಕ್ಷರದಲ್ಲಿ ‘ಮೂಲ ಕಲಾವಿದರಿಂದ ಮರುಧ್ವನಿಮುದ್ರಣ’ ಎಂಬ ಅರ್ಥದ ಸಾಲು ಹುಡುಕಿ. ವೃತ್ತದೊಳಗಿನ ‘ಪಿ’ (ಧ್ವನಿಮುದ್ರಣದ ಹಕ್ಕಿನ ಗುರುತು) ಪಕ್ಕದಲ್ಲಿ ಪ್ರತಿ ಹಾಡಿಗೂ ಅದರದೇ ಹಳೆಯ ಇಸವಿ ಇದ್ದರೆ ಸಮಾಧಾನ. ಎಲ್ಲಕ್ಕೂ ಸೇರಿ ಒಂದೇ ಹೊಸ ಇಸವಿ ಇದ್ದರೆ ಕೇಳದೆ ಕೊಳ್ಳಬೇಡಿ.

ಮೂಲ ಸಿಡಿಗಳಿಂದ ನೀವೇ ಸಂಕಲನ ಮಾಡುವುದಾದರೆ ಎಕ್ಸಾಕ್ಟ್ ಆಡಿಯೊ ಕಾಪಿ ತಂತ್ರಾಂಶದ ಸೆಕ್ಯೂರ್ ಮೋಡ್‌ನಲ್ಲಿ (ಓದಿದ್ದನ್ನು ಮತ್ತೆ ಓದಿ ತಾಳೆ ನೋಡುವ ವಿಧಾನ) ಫ್ಲಾಕ್ ಆಗಿ, ಅಂದರೆ ಗುಣಮಟ್ಟ ಕಳೆಯದ ಫೈಲ್ ಆಗಿ, ಕಂಪ್ಯೂಟರಿಗೆ ತೆಗೆಯಿರಿ. 80ರ ದಶಕದ ಮೊದಲ ಅರ್ಧದಲ್ಲಿ ಒತ್ತಿದ ಸಿಡಿಗಳಲ್ಲಿ, ವಿಶೇಷವಾಗಿ ಜಪಾನಿನವುಗಳಲ್ಲಿ, ಪ್ರೀ-ಎಂಫಸಿಸ್ ಇರಬಹುದು. ಅಂದರೆ ಮೇಲಿನ ಸ್ವರಗಳನ್ನು ಬೇಕೆಂದೇ ಎತ್ತಿ ಬರೆದಿರುತ್ತಾರೆ, 10 ಕಿಲೊಹರ್ಟ್ಸ್ ಬಳಿ ಸುಮಾರು ಏಳೂವರೆ ಡೆಸಿಬೆಲ್. ಸಿಡಿ ಪ್ಲೇಯರ್ ಅದನ್ನು ತಾನೇ ಇಳಿಸಿಕೊಳ್ಳುತ್ತದೆ, ಕಂಪ್ಯೂಟರಿಗೆ ತೆಗೆದ ಫೈಲ್ ಇಳಿಸುವುದಿಲ್ಲ. ಡ್ರಮ್ ಸೆಟ್ಟಿನ ಜೋಡಿ ತಾಳವಾದ ಹೈಹ್ಯಾಟ್ ಸಿಡಸಿಡ ಎನ್ನುತ್ತದೆ, ಗಾಯಕಿಯ ‘ಸ’ಕಾರ ಕಿವಿಗೆ ಚುಚ್ಚುತ್ತದೆ. ತಂತ್ರಾಂಶದ ಹಾಡುಪಟ್ಟಿಯಲ್ಲಿ ಪ್ರೀ-ಎಂಫಸಿಸ್ ಕಾಲಂ ನೋಡಿ. ಕೆಲವು ಸಿಡಿಗಳಲ್ಲಿ ಆ ಗುರುತು ಸಬ್‌ಚಾನೆಲ್‌ನಲ್ಲಿ (ಹಾಡಿನ ಜೊತೆ ಅಡಗಿರುವ ಮಾಹಿತಿಯಲ್ಲಿ) ಮಾತ್ರ ಇರುವುದರಿಂದ ಕಿವಿಯನ್ನೂ ನಂಬಿ. ಸಾಕ್ಸ್ (SoX) ಎಂಬ ತಂತ್ರಾಂಶದ ಡೀಎಂಫಸಿಸ್ ಫಿಲ್ಟರ್ ಹಾಕಿದರೆ ಸರಿಹೋಗುತ್ತದೆ. ಈ ಕೆಲಸ ಧ್ವನಿಮಟ್ಟ ಅಳೆಯುವ ಮೊದಲೇ ಆಗಬೇಕು.

ಧ್ವನಿಮಟ್ಟದಲ್ಲೇ ಹೆಚ್ಚಿನವರು ಎಡವುವುದು. 80ರ ದಶಕದ ಸಿಡಿಯೊಂದು ಮೈನಸ್ 18 ಎಲ್‌ಯುಎಫ್‌ಎಸ್ (ಸರಾಸರಿ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಆಸುಪಾಸು ಇದ್ದರೆ, 2000ದ ನಂತರದ ರೀಮಾಸ್ಟರ್ (ಹಳೆಯ ಧ್ವನಿಮುದ್ರಣವನ್ನೇ ಮತ್ತೆ ಹದಗೊಳಿಸಿದ್ದು) ಮೈನಸ್ 10 ಇರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಎರಡನೆಯದು ಬೆಚ್ಚಿಬೀಳಿಸುತ್ತದೆ. ಆಗ ಮೆಲ್ಲಗಿರುವುದನ್ನು ಏರಿಸಬೇಡಿ. ಅದರ ಡ್ರಮ್ ಏಟಿನ ತುದಿಗಳು ಆಗಲೇ ಮಿತಿಯ ಹತ್ತಿರ ಇರುತ್ತವೆ, ಏರಿಸಿದರೆ ತುದಿ ಕತ್ತರಿಸಿಹೋಗಿ ಸದ್ದು ಒರಟಾಗುತ್ತದೆ. ಜೋರಾಗಿರುವುದನ್ನೇ 8 ಡೆಸಿಬೆಲ್ ಇಳಿಸಿ. ಫೂಬಾರ್ 2000 ಎಂಬ ಪ್ಲೇಯರ್ ತಂತ್ರಾಂಶದ ರೀಪ್ಲೇಗೇನ್ (ಜೋರನ್ನು ಅಳೆದು ಸಮ ಮಾಡುವ ಸೌಲಭ್ಯ) ಅಳತೆ ಇದಕ್ಕೆ ಸಾಕು, ಆದರೆ ಪ್ರತಿ ಹಾಡನ್ನೂ ಬೇರೆಯಾಗಿ ಅಳೆಯುವ ಟ್ರ್ಯಾಕ್ ಗೇನ್ ಬಳಸಿ, ಇಡೀ ಆಲ್ಬಂ ಒಂದಾಗಿ ಅಳೆಯುವ ಆಲ್ಬಂ ಗೇನ್ ಅಲ್ಲ.

ಅಳತೆಯ ಅಂಕಿಯೇ ಕೊನೆಯ ಮಾತಲ್ಲ. ಇಡೀ ಹಾಡಿನ ಸರಾಸರಿ ಒಂದೇ ಇದ್ದರೂ ಸೇರುವ ಜಾಗದಲ್ಲಿ ಏರುಪೇರು ಉಳಿಯುತ್ತದೆ. ಶಾಡೆ ತಂಡದ ‘ಸ್ಮೂತ್ ಆಪರೇಟರ್’ (1984) ಆಲ್ಬಂ ಆವೃತ್ತಿ ಮೆಲುಮಾತಿನಿಂದ ಶುರುವಾಗುತ್ತದೆ. ಅದರ ಹಿಂದೆ ಗದ್ದಲದಲ್ಲಿ ಮುಗಿಯುವ ಹಾಡು ಇಟ್ಟರೆ ಆ ಮಾತು ಕೇಳುವುದೇ ಇಲ್ಲ. ಪ್ರತಿ ಸೇರುವೆಯಲ್ಲೂ ಹಿಂದಿನದರ ಕೊನೆಯ 20 ಸೆಕೆಂಡು, ಮುಂದಿನದರ ಮೊದಲ 20 ಸೆಕೆಂಡು ಕೇಳಿ. ಹಾಡಿನಿಂದ ಹಾಡಿಗೆ ಕಂಠದ ಮಟ್ಟ ಸಮ ಬಂದರೆ ಸಾಕು, ಡ್ರಮ್‌ನದು ಬೇಕಿಲ್ಲ.

ಕ್ರಮಕ್ಕೆ ಒಳ್ಳೆಯ ಮಾದರಿ ರಾತ್ರಿಯ ರೇಡಿಯೊ. 1976ರಲ್ಲಿ ವಾಷಿಂಗ್ಟನ್ ಡಿ.ಸಿ.ಯ ಹೋವರ್ಡ್ ವಿಶ್ವವಿದ್ಯಾಲಯದ ಡಬ್ಲ್ಯುಎಚ್‌ಯುಆರ್ ಕೇಂದ್ರದಲ್ಲಿ ಮೆಲ್ವಿನ್ ಲಿಂಡ್ಸೆ ಶುರುಮಾಡಿದ ‘ಕ್ವೈಟ್ ಸ್ಟಾರ್ಮ್’ ಕಾರ್ಯಕ್ರಮ ನಿಧಾನಗತಿಯ ಸೋಲ್ ಹಾಡುಗಳನ್ನು ಒಂದರ ಬೆನ್ನಿಗೊಂದು ಹರಿಯಬಿಟ್ಟಿತು. ನಮ್ಮ ಕಛೇರಿಯಲ್ಲಿ ವರ್ಣದಿಂದ ಶುರುಮಾಡಿ, ಮುಖ್ಯ ಕೃತಿ ಮುಗಿಸಿ, ದೇವರನಾಮಕ್ಕೆ ಇಳಿಯುವ ಹಾಗೆ ಇಲ್ಲೂ ಒಂದು ಇಳಿಜಾರು ಬೇಕು. ಚುರುಕಾದವು ಮೊದಲು. 7–8 ನಿಮಿಷದವು ನಡುವೆ, ಕೇಳುಗ ಅಷ್ಟು ಹೊತ್ತಿಗೆ ಕುಳಿತಿರುತ್ತಾನೆ. ಕೊನೆಗೆ ಬಹುಪಾಲು ಕಂಠ ಮತ್ತು ಎಲೆಕ್ಟ್ರಿಕ್ ಪಿಯಾನೊ ಮಾತ್ರ ಇರುವವು. ಸೊಪ್ರಾನೊ ಸ್ಯಾಕ್ಸೊಫೋನ್ ಎರಡು ಸಲ ಸಾಲಾಗಿ ಬಂದರೆ ಕಿವಿ ದಣಿಯುತ್ತದೆ. ನಡುವೆ ಗಿಟಾರ್ ಇಡಿ, ಅಥವಾ ರಾಯ್ ಏಯರ್ಸ್ ಅವರ ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಬಡಿದು ನುಡಿಸುವ ವಾದ್ಯ).

ಬಿಡುವು ಎಲ್ಲ ಕಡೆ 2 ಸೆಕೆಂಡು ಇರಬಾರದು. ಕರಗುತ್ತ ಮುಗಿಯುವ ಹಾಡಿನ ಕೊನೆಯಲ್ಲಿ ಮೌನ ಮೊದಲೇ ಶುರುವಾಗಿರುತ್ತದೆ, ಅರ್ಧ ಸೆಕೆಂಡು ಸಾಕು. ಥಟ್ಟನೆ ನಿಲ್ಲುವ ಹಾಡಿಗೆ ಎರಡೂವರೆ, ಮೂರು ಸೆಕೆಂಡು ಬೇಕು. ಸಿಡಿ ಬರೆಯುವಾಗ ಡಿಸ್ಕ್-ಅಟ್-ಒನ್ಸ್ (ಇಡೀ ಸಿಡಿಯನ್ನು ಒಂದೇ ಸಲಕ್ಕೆ ಬರೆಯುವ ವಿಧಾನ) ಆರಿಸಿ. ಒಂದೊಂದೇ ಹಾಡು ಬರೆಯುವ ಟ್ರ್ಯಾಕ್-ಅಟ್-ಒನ್ಸ್‌ನಲ್ಲಿ ಬರ್ನರ್ ತಾನೇ 2 ಸೆಕೆಂಡು ತುರುಕುತ್ತದೆ, ನೀವು ಲೆಕ್ಕ ಹಾಕಿದ ಬಿಡುವೆಲ್ಲ ಹಾಳು. ಎರಡು ಹಾಡು ಒಂದಕ್ಕೊಂದು ಬೆಸೆದಿದ್ದರೆ ಸೆಕೆಂಡಿನ 75ನೇ ಒಂದು ಭಾಗದ ಗಡಿಯಲ್ಲೇ, ಅಂದರೆ 588 ಸ್ಯಾಂಪಲ್‌ಗಳ (ಸಿಡಿಯಲ್ಲಿ ಧ್ವನಿಯ ಅತಿ ಸಣ್ಣ ತುಣುಕುಗಳು) ಗುಣಕದಲ್ಲೇ ಕತ್ತರಿಸಿ. ಇಲ್ಲವಾದರೆ ಕೆಲವು ತಂತ್ರಾಂಶಗಳು ಉಳಿದ ಜಾಗಕ್ಕೆ ಮೌನ ತುಂಬಿ, ಸೇರುವೆಯಲ್ಲಿ ‘ಟಿಕ್’ ಸದ್ದು ಬರುತ್ತದೆ.

ಬರೆದಾದ ಮೇಲೆ ಹೊದಿಕೆಯಲ್ಲಿ ಹಾಡಿನ ಪಕ್ಕಕ್ಕೇ ಆಲ್ಬಂ ಹೆಸರು, ಇಸವಿ, ಉದ್ದ, ಎಷ್ಟು ಡೆಸಿಬೆಲ್ ಇಳಿಸಿದಿರಿ ಎಂಬುದನ್ನು ಬರೆದಿಡಿ. ಒಂದು ಹಾಡನ್ನು ಬದಲಿಸಬೇಕಾದಾಗ ಎಲ್ಲವನ್ನೂ ಮೊದಲಿನಿಂದ ಅಳೆಯುವುದು ತಪ್ಪುತ್ತದೆ.