ನ್ಯೂಟ್ರಲ್ ವೀರರು

ಮಳೆ ಹಿಡಿದರೆ ಸಾಕು, ವೀಕೆಂಡಿಗೆ ಚಾರ್ಮಾಡಿ ಕಡೆ ಕಾರುಗಳ ಸಾಲು. ಕೊಟ್ಟಿಗೆಹಾರ ದಾಟಿ ಇಳಿಜಾರು ಸಿಕ್ಕ ಕೂಡಲೇ ಎಷ್ಟೋ ಜನ ಗೇರ್ ತೆಗೆದು ಗಾಡಿ ನ್ಯೂಟ್ರಲ್‌ಗೆ ಹಾಕ್ತಾರೆ. ಪೆಟ್ರೋಲ್ ಉಳಿಯುತ್ತಂತೆ! ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿ ಗೇರಲ್ಲಿ ಇಳೀತಿರುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನ ತಾನೇ ನಿಲ್ಲಿಸುತ್ತೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡೋದಕ್ಕೇ ಪೆಟ್ರೋಲ್ ಬೇಕು. ಉಳಿತಾಯ ಎಲ್ಲಿಂದ ಬಂತು?

ಮೇಲಿಂದ, ಗೇರಲ್ಲಿದ್ರೆ ಸಿಗೋ ಇಂಜಿನ್ ಹಿಡಿತ ಇಲ್ಲದೆ ಇಡೀ ಗಾಡಿಯ ಭಾರ ಬ್ರೇಕ್ ಮೇಲೆ. ಮೊದಲು ಪ್ಯಾಡ್ ಕಾದು ಸುಟ್ಟ ವಾಸನೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯಲ್ಲ. ಬ್ರೇಕ್ ಆಯಿಲ್ ಹಳೇದಾಗಿ ನೀರಿನಂಶ ಎಳ್ಕೊಂಡಿದ್ರೆ ಕುದ್ದು ಗುಳ್ಳೆಯೆದ್ದು ಪೆಡಲ್ ನೆಲಕ್ಕೇ ಹೋಗುತ್ತೆ. ಇನ್ನು ಇಂಜಿನ್ನೇ ಆಫ್ ಮಾಡೋ ಮಹಾನುಭಾವರಿಗೆ ದೊಡ್ಡ ನಮಸ್ಕಾರ: ಎರಡು ಮೂರು ಸಲ ಒತ್ತೋದ್ರೊಳಗೆ ಬ್ರೇಕ್ ಬಿಗಿಯಾಗುತ್ತೆ, ಪವರ್ ಸ್ಟೀರಿಂಗೂ ಅಷ್ಟೇ.

ತಿರುವಿಗೆ ಮೊದಲೇ ಸೆಕೆಂಡ್ ಗೇರಿಗೆ ಇಳಿಸಿ. ಬ್ರೇಕ್ ಒತ್ತಿ, ಬಿಡಿ, ಕಾಲಿಟ್ಟುಕೊಂಡೇ ಇಳಿಯಬೇಡಿ. ವಾಸನೆ ಬಂದ್ರೆ ಅಗಲ ಜಾಗ ನೋಡಿ ನಿಲ್ಲಿಸಿ, ತಾನಾಗೇ ತಣಿಯಲಿ. ನೀರು ಎರಚಿದ್ರೆ ಡಿಸ್ಕ್ ಸೊಟ್ಟಗಾಗಬಹುದು.

ಮುಳ್ಳಯ್ಯನಗಿರಿ ರಸ್ತೇಲಿ ಬೇರೆಯೇ ತಮಾಷೆ. ಕಿರಿದಾದ ಕಡೆ ಇಳಿಯೋ ಗಾಡಿ ಪಕ್ಕಕ್ಕೆ ನಿಂತು ಹತ್ತೋ ಗಾಡಿಗೆ ದಾರಿ ಬಿಡಬೇಕು, ಇದು ನಿಯಮ. ಹತ್ತೋನು ನಿಂತ್ರೆ ಮತ್ತೆ ಹಾಫ್ ಕ್ಲಚ್ಚಲ್ಲಿ ಎತ್ತಬೇಕು, ಗಾಡಿ ಹಿಂದಕ್ಕೆ ಜಾರುತ್ತೆ. ಆದ್ರೆ ಇಳಿಯೋರೇ ಲೈಟ್ ಹೊಡೆದು ನುಗ್ತಾರೆ.

ಮಂಜಲ್ಲಿ ಹೈ ಬೀಮ್ ಹಾಕಿದ್ರೆ ಎದುರಿಗೆ ಬಿಳಿ ಗೋಡೆ ಅಷ್ಟೇ, ಲೋ ಬೀಮ್ ಸಾಕು. ನಾಲ್ಕೂ ಇಂಡಿಕೇಟರ್ ಮಿಣುಕಿಸ್ತಾ ಓಡಿಸಿದ್ರೆ ನೀವು ಎಡಕ್ಕೋ ಬಲಕ್ಕೋ ಹಿಂದಿನವರಿಗೆ ಗೊತ್ತಾಗಲ್ಲ. ಅದು ಗಾಡಿ ಕೆಟ್ಟು ನಿಂತಾಗ ಹಾಕೋದು.