ಹುಂಜ ಕೂಗಿದ ಮಾತ್ರಕ್ಕೆ ಮೊಟ್ಟೆ ಮರಿಯಾಗುತ್ತಾ?

ನಾಟಿ ಕೋಳಿ ಸಾಕುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: “ಹುಂಜಕ್ಕೆ ನಾಲ್ಕು ತಿಂಗಳಾಯ್ತು. ಜೋರಾಗಿ ಕೂಗುತ್ತೆ, ಹ್ಯಾಟೆಗಳ ಮೇಲೂ ಏರುತ್ತೆ. ಆದರೂ ಕಾವಿಗಿಟ್ಟ ಮೊಟ್ಟೆಯಲ್ಲಿ ಮುಕ್ಕಾಲು ಪಾಲು ಮರಿಯಾಗಲ್ಲ. ಯಾಕೆ?”

ಇನ್ನೂ ಆರೇಳು ವಾರ ಕಾಯಿರಿ ಅನ್ನುತ್ತೇನೆ. ಯಾರಿಗೂ ಸಮಾಧಾನ ಆಗುವುದಿಲ್ಲ. ಅಷ್ಟು ಚೆನ್ನಾಗಿ ಕೂಗುವ ಹುಂಜ ಇನ್ನೂ ಬಲಿತಿಲ್ಲ ಅಂದರೆ ನಂಬುವುದು ಕಷ್ಟ, ಅಲ್ವಾ?

ಕೂಗು, ಕೆಂಪು ಜುಟ್ಟು, ಜಗಳಗಂಟತನ ಇವೆಲ್ಲ ಹಾರ್ಮೋನಿನ ಕೆಲಸ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಬರ್ಟೋಲ್ಡ್ ಎಂಬ ವಿಜ್ಞಾನಿ ಎಳೆ ಹುಂಜಗಳ ಬೀಜ ತೆಗೆದು ನೋಡಿದ. ಅವುಗಳಿಗೆ ಜುಟ್ಟು ಬೆಳೆಯಲಿಲ್ಲ, ಕೂಗೂ ಬರಲಿಲ್ಲ. ಕೆಲವಕ್ಕೆ ಬೀಜವನ್ನು ಹೊಟ್ಟೆಯೊಳಗೆ ಬೇರೆ ಜಾಗದಲ್ಲಿ ಇಟ್ಟ. ಅವು ಮಾಮೂಲಿ ಹುಂಜಗಳ ಹಾಗೆ ಕೂಗಿಕೊಂಡು, ಕಾದಾಡಿಕೊಂಡು ಬೆಳೆದವು. ಹಳೆಯ ನರದ ಸಂಪರ್ಕ ಇರಲಿಲ್ಲ, ರಕ್ತದ ಮೂಲಕವೇ ಏನೋ ಹೋಗುತ್ತಿತ್ತು. ಆ ‘ಏನೋ’ ಟೆಸ್ಟೋಸ್ಟಿರಾನ್ ಅಂತ ನಮಗೆ ಈಗ ಗೊತ್ತು. ಬೀಜದೊಳಗೆ ಅದನ್ನು ಮಾಡುವ ಕೋಶಗಳು ಬೇರೆ, ವೀರ್ಯಾಣು ಹುಟ್ಟುವ ಸಣ್ಣ ನಳಿಕೆಗಳು ಬೇರೆ. ಹಾರ್ಮೋನು ಹರಿಯಲು ಶುರುವಾದರೂ ನಳಿಕೆಗಳು ಪೂರ್ತಿ ತಯಾರಾಗಲು ಹೊತ್ತು ಬೇಕು.

ಹುಂಜ ಕೊಯ್ದವರೆಲ್ಲ ಆ ಬೀಜಗಳನ್ನು ನೋಡಿರುತ್ತಾರೆ. ಬೆನ್ನಿಗೆ ಅಂಟಿಕೊಂಡು, ಮೂತ್ರಪಿಂಡದ ಹತ್ತಿರ, ಅವರೆಕಾಳಿನ ಆಕಾರದ ಎರಡು ಬಿಳಿ ಗಡ್ಡೆಗಳು. ನಮ್ಮ ಹಾಗೆ ಮೈಯ ಹೊರಗೆ, ತಂಪಿನಲ್ಲಿ ಇರುವುದಿಲ್ಲ. ಹೊಟ್ಟೆಯೊಳಗಿನ 41 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ವೀರ್ಯಾಣು ತಯಾರಾಗುತ್ತದೆ.

ಮೊದಲ ಎಂಟು ವಾರದ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಅಸಲಿ ವಿಷಯ ಇರುವುದೇ ಅಲ್ಲಿ. ನಳಿಕೆಗಳೊಳಗೆ ಸರ್ಟೋಲಿ ಎಂಬ ಕೋಶಗಳಿವೆ. ಬೆಳೆಯುವ ವೀರ್ಯಾಣುಗಳನ್ನು ಹಿಡಿದು ಪೋಷಿಸುವುದು ಇವೇ. ಒಂದು ಸರ್ಟೋಲಿ ಕೋಶ ಇಂತಿಷ್ಟೇ ವೀರ್ಯಾಣುಗಳನ್ನು ಸಾಕಬಲ್ಲದು. ಇವು ಮರಿಯ ಮೊದಲ ಎಂಟು ವಾರಗಳ ಆಸುಪಾಸಿನಲ್ಲಿ ಹೆಚ್ಚುತ್ತಾ ಹೋಗಿ, ಆಮೇಲೆ ಹೆಚ್ಚುವುದನ್ನೇ ನಿಲ್ಲಿಸುತ್ತವೆ. ಆ ಹುಂಜದ ಜೀವಮಾನದ ಉತ್ಪಾದನೆಗೆ ಮಿತಿ ಬೀಳುವುದು ಅಲ್ಲಿಗೆ. ಮರಿಯಾಗಿದ್ದಾಗ ಸೊರಗಿದ ಹುಂಜಕ್ಕೆ ಆರನೇ ತಿಂಗಳಲ್ಲಿ ಟಾನಿಕ್ ಕುಡಿಸುವುದು ಸುಮ್ನೆ ದುಡ್ಡು ದಂಡ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಮೂಲ ಕೋಶಗಳು ಒಡೆದು ಒಡೆದು ಹೆಚ್ಚುತ್ತವೆ, ವರ್ಣತಂತುಗಳನ್ನು ಅರ್ಧಕ್ಕಿಳಿಸಿಕೊಳ್ಳುತ್ತವೆ, ಕೊನೆಗೆ ಬಾಲ ಬೆಳೆಸಿಕೊಂಡು ದಾರದಂಥ ವೀರ್ಯಾಣು ಆಗುತ್ತವೆ. ನಾಲ್ಕು ತಿಂಗಳಿಗೆ ಮೊದಲ ವೀರ್ಯಾಣುಗಳು ಕಾಣಬಹುದು, ಆದರೆ ಕಡಿಮೆ. ಭರ್ತಿ ಉತ್ಪಾದನೆಗೆ 24 ವಾರವಾದರೂ ಬೇಕು. ತಳಿಯ ಮೇಲೆ ಹಿಂದೆ ಮುಂದೆ ಆಗುತ್ತದೆ, ಮೊಟ್ಟೆ ತಳಿಯಾದ ಲೆಗ್‌ಹಾರ್ನ್ ಬೇಗ ಬಲಿಯುತ್ತದೆ.

ಬೆಳಕಿನ ಪಾತ್ರವೂ ಇದೆ. ಹಗಲು ಉದ್ದವಾದರೆ ಮೆದುಳು ಬೀಜಗಳನ್ನು ಎಬ್ಬಿಸುತ್ತದೆ. ತಮಾಷೆ ಅಂದರೆ, ಹಕ್ಕಿಗಳು ಈ ಬೆಳಕನ್ನು ಗುರುತಿಸುವುದು ಮುಖ್ಯವಾಗಿ ಕಣ್ಣಿನಿಂದಲ್ಲ. ತಲೆಬುರುಡೆಯ ಮೂಲಕ ಇಳಿದ ಬೆಳಕನ್ನು ಮೆದುಳೇ ನೇರವಾಗಿ ಹಿಡಿಯುತ್ತದೆ. ತಳಿ ಫಾರಂಗಳಲ್ಲಿ ವಯಸ್ಸು ನೋಡಿ ಲೈಟು ಹೆಚ್ಚಿಸುವುದು ಇದಕ್ಕೇ. ಹಿತ್ತಲ ಹುಂಜಕ್ಕೆ ಅದರ ಅಗತ್ಯ ಇಲ್ಲ. ನಮ್ಮ ಕಡೆ ವರ್ಷಪೂರ್ತಿ ಹಗಲು 11ರಿಂದ 13 ಗಂಟೆ ಇದ್ದೇ ಇರುತ್ತದೆ.

ಹುಂಜ ತಯಾರಾಗಿದೆಯೋ ಇಲ್ಲವೋ ನೋಡಲು ಅದರ ಜೊತೆ ಬಿಟ್ಟ ಕೋಳಿಗಳ ಒಂದೆರಡು ತಾಜಾ ಮೊಟ್ಟೆ ತಟ್ಟೆಗೆ ಒಡೆಯಿರಿ. ಹಳದಿ ಭಾಗದ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಚುಕ್ಕೆ ಉಂಗುರದಂತೆ ಅಂಚು ಕಟ್ಟಿದ್ದರೆ ಫಲಿತ ಮೊಟ್ಟೆ. ಬರೀ ಗಟ್ಟಿ ಬಿಳಿ ಮಚ್ಚೆಯಾಗಿದ್ದರೆ ಅಲ್ಲ. ಒಡೆದ ಮೊಟ್ಟೆಯನ್ನು ಆಮ್ಲೆಟ್ ಮಾಡಿಕೊಳ್ಳಿ.

ಒಂದು ಎಚ್ಚರಿಕೆ. ಮೊದಲು ಬೇರೆ ಹುಂಜದ ಜೊತೆ ಇದ್ದ ಕೋಳಿಗಳಲ್ಲಿ ಈ ಪರೀಕ್ಷೆ ತಕ್ಷಣ ಮಾಡಬೇಡಿ. ಕೋಳಿ ತನ್ನ ಅಂಡನಾಳದಲ್ಲಿ ವೀರ್ಯಾಣುಗಳನ್ನು ಎರಡು ಮೂರು ವಾರ ಜೀವಂತ ಇಟ್ಟುಕೊಳ್ಳುತ್ತದೆ. ಹಳೇ ಹುಂಜ ಸಾರಾಗಿ ಹೋದ ಮೇಲೂ ಅದರ ಮರಿಗಳು ಹುಟ್ಟುತ್ತಿರುತ್ತವೆ, ಹೆಸರು ಮಾತ್ರ ಹೊಸ ಹುಂಜಕ್ಕೆ.