ಗಟ್ಟಿ ಸ್ಪ್ರಿಂಗ್ ಹಾಕಿ ಕೆಟ್ಟೆ

ಜಾಬ್ ಕಾರ್ಡಿನಲ್ಲಿ ಇದ್ದದ್ದು ಒಂದೇ ಸಾಲು: ‘ಕಾರ್ಬುರೇಟರ್ ಕೆಮ್ಮುತ್ತೆ’, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ ಮಿಶ್ರಣವನ್ನು ಹೊರಕ್ಕೆ ಉಗುಳುತ್ತೆ. ಹಳೇ ಫ್ರೆಂಚ್ ಕಂಪನಿ ಡಿ ಡಿಯಾನ್-ಬುಟನ್ ಮಾದರಿಯ ಒಂಟಿ ಸಿಲಿಂಡರ್ ಎಂಜಿನ್. ವಾಲ್ವ್ ಎತ್ತುವ ಕ್ಯಾಮ್ ಇರೋದು ಹೊಗೆ ಬಿಡುವ ಎಕ್ಸಾಸ್ಟಿಗೆ ಮಾತ್ರ. ಮಿಶ್ರಣ ಒಳಬಿಡುವ ಇನ್‌ಲೆಟ್ ವಾಲ್ವನ್ನು ಪಿಸ್ಟನ್ನಿನ ಹೀರುವಿಕೆಯೇ ತೆರೆಯಬೇಕು. ವೇಗದಲ್ಲಿ ಉಗುಳುತ್ತಿತ್ತು. ಸ್ಪ್ರಿಂಗ್ ಸೋತಿದೆ, ವಾಲ್ವ್ ತಡವಾಗಿ ಮುಚ್ಚುತ್ತಿದೆ ಅಂದುಕೊಂಡು ಗಟ್ಟಿ ಸ್ಪ್ರಿಂಗ್ ಕೂರಿಸಿದೆ. ಅಳೆಯಲಿಲ್ಲ. ಶನಿವಾರ ಡೆಲಿವರಿ ಅಂತ ಆಫೀಸಿನವರು ಮೊದಲೇ ಮಾತು ಕೊಟ್ಟಾಗಿತ್ತು.

ಶನಿವಾರ ಮಾಲೀಕರ ಎದುರೇ ಗಾಡಿ ಸ್ಟ್ಯಾಂಡಿಗೇರಿತು. ಕಿಡಿ ತಡವಾಗಿ ಹಾರಲಿ ಅಂತ ಇಗ್ನಿಷನ್ ಲಿವರ್ ಪೂರ್ತಿ ರಿಟಾರ್ಡ್, ಕಾರ್ಬುರೇಟರಿನ ಫ್ಲೋಟನ್ನು ಒತ್ತಿ ಪೆಟ್ರೋಲ್ ಉಕ್ಕಿಸಿ ಪೆಡಲ್ ತುಳಿದದ್ದಾಯ್ತು. ಎರಡು ಸಲ ಗುಟುರು. ಮೂರನೆಯದಕ್ಕೆ ‘ಫಟ್’ ಅಂತ ಕಾರ್ಬುರೇಟರ್ ಬಾಯಿಂದ ಬೆಂಕಿ, ಉಕ್ಕಿದ್ದ ಪೆಟ್ರೋಲಿಗೂ ಹತ್ತಿತು. ನನ್ನ ಕೈ ಒದ್ದೆ ಗೋಣಿಯ ಕಡೆ ಹೋಯ್ತು. ಹೋಗಬೇಕಿದ್ದದ್ದು ಪೆಟ್ರೋಲ್ ಟ್ಯಾಪಿಗೆ. ಗೋಣಿ ಮುಚ್ಚಿದರೂ ಕೆಳಗಿಂದ ಉರಿ ನೆಕ್ಕುತ್ತಲೇ ಇತ್ತು. ಟ್ಯಾಪ್ ತಿರುಗಿಸಿದ್ದು ನನ್ನ ಕೈಕೆಳಗಿನ ಹುಡುಗ.

ಆಮೇಲೆ ಮನೆಯಿಂದ ಅಡುಗೆಯ ತಕ್ಕಡಿ ತಂದೆ. ವಾಲ್ವಿನ ತಲೆ 30 ಮಿ.ಮೀ., ಅಂದರೆ ಸುಮಾರು 7 ಚದರ ಸೆಂ.ಮೀ. ವಾತಾವರಣದ ಒತ್ತಡದ ಹತ್ತನೇ ಒಂದು ಭಾಗದಷ್ಟು ಹೀರಿದರೆ ಸಿಗುವ ಬಲ 0.7 ಕೆ.ಜಿ. ನಾನು ಹಾಕಿದ ಸ್ಪ್ರಿಂಗ್ ವಾಲ್ವ್ ಮುಚ್ಚಿರುವಾಗಲೇ 1.9 ಕೆ.ಜಿ. ಒತ್ತುತ್ತಿತ್ತು, ಹಳೆಯದು 450 ಗ್ರಾಂ. ಪೆಡಲ್ ತುಳಿಯುವ ವೇಗದಲ್ಲಿ ವಾಲ್ವ್ ಪಿಸ್ಟನ್ ಹೀರುವ ಸ್ಟ್ರೋಕಿನ ಕೊನೆಗಷ್ಟೇ ಬಾಯಿ ಬಿಡುತ್ತೆ. ಮಿಶ್ರಣ ಸಾಲದೆ ನಿಧಾನವಾಗಿ ಉರಿಯುತ್ತೆ, ಮುಂದಿನ ಸಲ ವಾಲ್ವ್ ತೆರೆದಾಗಲೂ ಒಳಗೆ ಉರಿ ಉಳಿದಿರುತ್ತೆ. ಸ್ಪ್ರಿಂಗ್ ಸಡಿಲವಾದರೆ ವೇಗದಲ್ಲಿ ಉಗುಳು, ಬಿಗಿಯಾದರೆ ಸ್ಟಾರ್ಟಿಂಗಲ್ಲೇ ಉಗುಳು. ಸದ್ದು ಮಾತ್ರ ಒಂದೇ.

ಹಳೇ ಸ್ಪ್ರಿಂಗ್ ಸರಿಯಾಗೇ ಇತ್ತು. ಕೈಪಂಪಿನಿಂದ ಆಯಿಲ್ ಹೆಚ್ಚಾಗಿ, ವಾಲ್ವ್ ಕಾಂಡಕ್ಕೆ ಸುಟ್ಟ ಅಂಟು ಹಿಡಿದು ಅದು ತಡವಾಗಿ ಮುಚ್ಚುತ್ತಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಸ್ಪ್ರಿಂಗ್ ಇಲ್ಲದೆ ವಾಲ್ವ್ ತನ್ನ ಭಾರಕ್ಕೇ ಜಾರುವವರೆಗೆ ಉಜ್ಜಿದೆ. ವಾಲ್ವ್ ತೆರೆಯುವಷ್ಟು ದೂರ, ಅಂದರೆ ಲಿಫ್ಟ್, 3 ಮಿ.ಮೀ.ಗೆ ನಿಲ್ಲಿಸಿದೆ, ಅದಕ್ಕಿಂತ ಹೆಚ್ಚು ಬಿಟ್ಟರೆ ವಾಪಸು ಬರೋದು ತಡ. ಹಾರ್ಲಿ-ಡೇವಿಡ್ಸನ್ 1909ರ ಮೊದಲ ವಿ-ಟ್ವಿನ್‌ಗೂ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ ಎಂಜಿನ್) ಇಂಥದ್ದೇ ವಾಲ್ವ್ ಇತ್ತು. 1911ರಲ್ಲಿ ವಿ-ಟ್ವಿನ್ ಮತ್ತೆ ಬಂದಾಗ ಇನ್‌ಲೆಟ್ಟಿಗೂ ಕ್ಯಾಮ್ ಬಂದಿತ್ತು, ಅವರಿಗೂ ಸಾಕಾಗಿರಬೇಕು.

ವರ್ಕ್‌ಶಾಪಿಗೆ ತಕ್ಕಡಿ ಕೊಳ್ಳಲು ಇಂಡೆಂಟ್ (ಬೇಡಿಕೆ ಚೀಟಿ) ಹಾಕಿದ್ದೇನೆ. ಸ್ಟೋರಿನವರು ‘ಇದು ಟೂಲ್ ಅಲ್ಲ, ಪಾತ್ರೆ’ ಅಂತ ವಾಪಸು ಕಳಿಸಿದ್ದಾರೆ.